ಲ್ಯಾವೆಂಡರ್ ಬ್ಯಾಗ್ ಯಾಕೆ ವಾಪಸ್ ಹೋಯ್ತು?

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನವರೆಗೆ ಕನ್ನಡ ಅಂದ್ರೆ ಒಂದು ಸಬ್ಜೆಕ್ಟ್, ಅಷ್ಟೇ. ಈ ಲೇಖನದಲ್ಲಿ ಅಲ್ಪಪ್ರಾಣ ಮಹಾಪ್ರಾಣ ಎಲ್ಲಾದರೂ ಅದಲು ಬದಲಾಗಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ವಿಷಯ ಮಾತ್ರ ಅದಲು ಬದಲಾಗದ ಹಾಗೆ ನೋಡಿಕೊಂಡಿದ್ದೀನಿ.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಾಸಿನ ಒಬ್ಬ ಹುಡುಗ ಆನ್‌ಲೈನ್‌ನಲ್ಲಿ ಒಂದು ಲ್ಯಾಪ್‌ಟಾಪ್ ಬ್ಯಾಗ್ ತರಿಸಿದ. ಗಟ್ಟಿ ಜಿಪ್, ಒಳಗೆ ಚಾರ್ಜರ್‌ಗೆ ಬೇರೆ ಖಾನೆ, ಮಳೆಗೆ ನೆನೆಯದ ಬಟ್ಟೆ. ಬಣ್ಣ ಲ್ಯಾವೆಂಡರ್. ಬೆಳಗ್ಗೆ ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಬಂದಾಗ ಹಿಂದಿನ ಬೆಂಚಿನಿಂದ, "ಏನ್ ಮಗಾ, ತಂಗಿ ಬ್ಯಾಗ್ ಎತ್ಕೊಂಡ್ ಬಂದ್ಬಿಟ್ಟಿದೀಯಾ?" ಅಂತ ಶುರುವಾಯ್ತು. ಲಂಚ್ ಬ್ರೇಕ್ ಹೊತ್ತಿಗೆ ಅವನಿಗೊಂದು ಅಡ್ಡಹೆಸರೂ ಬಿತ್ತು. ಮೂರನೇ ದಿನ ಹೆಗಲ ಮೇಲೆ ಹಳೆಯ ಕಪ್ಪು ಬ್ಯಾಗೇ ಇತ್ತು. ಒಳಗಿನ ಟ್ಯಾಗ್ ಇನ್ನೂ ಕಿತ್ತಿರಲಿಲ್ಲವಂತೆ, ಹೊಸದನ್ನು ರಿಟರ್ನ್ ಮಾಡಿಬಿಟ್ಟಿದ್ದ.

ಅವತ್ತು ನಕ್ಕವರಲ್ಲಿ ನಾನೂ ಇದ್ದೆ. ಅದೇ ವಾರ ನನ್ನನ್ನು ಯಾರೋ, "ಫೆಮಿನಿಸ್ಟ್ ಅಂತೀಯ, ಮತ್ತೆ ಇಷ್ಟುದ್ದ ಜುಮ್ಕಿ ಯಾಕೆ ಹಾಕ್ಕೊಂಡಿದೀಯ?" ಅಂತ ಕೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ನನ್ನ ಜುಮ್ಕಿ ನನ್ನಿಷ್ಟ ಅಂತ ದೊಡ್ಡದಾಗಿ ಭಾಷಣ ಮಾಡಿದೆ. ರಾತ್ರಿ ಹಾಸ್ಟೆಲ್‌ನಲ್ಲಿ ಮಲಗಿದಾಗ ಆ ಬ್ಯಾಗ್ ನೆನಪಾಯ್ತು. ನನ್ನ ಜುಮ್ಕಿಗೊಂದು ನ್ಯಾಯ, ಅವನ ಬ್ಯಾಗಿಗೊಂದು ನ್ಯಾಯ ಹೇಗಾಯ್ತು? ಆ ಪ್ರಶ್ನೆಯ ಹಿಂದೆ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೀನಿ. ಇದರಲ್ಲಿ ಶಾಪಿಂಗ್ ಇದೆ, ಸ್ವಲ್ಪ ಅಲ್ಗಾರಿದಮ್ ಇದೆ, ನಾನು ಲ್ಯಾಬ್ ಟೆಸ್ಟ್‌ನಲ್ಲಿ ಮಣ್ಣುಮುಕ್ಕಿದ ಕಥೆಯೂ ಇದೆ.

ದಿನಾ ನಡೆಯೋದು, ಹಾಗಾಗಿ ಕಾಣಿಸದೇ ಇರೋದು

ಸೆಕ್ಸಿಸಂ, ಅಂದ್ರೆ ಲಿಂಗ ತಾರತಮ್ಯ ಅಂದ ತಕ್ಷಣ ನಮಗೆ ದೊಡ್ಡ ಸಂಗತಿಗಳು ನೆನಪಾಗುತ್ತವೆ. ವರದಕ್ಷಿಣೆ, ಹೊಡೆತ, ಹೆಣ್ಣುಮಕ್ಕಳ ಓದು ಬಿಡಿಸೋದು. ಅವು ದೊಡ್ಡವೇ. ಆದರೆ ಕ್ಯಾಂಪಸ್‌ನಲ್ಲಿ ನಮಗೆ ದಿನಾ ಎದುರಾಗೋದು ಚಿಲ್ಲರೆ ರೂಪದಲ್ಲಿ. ಫೆಸ್ಟ್ ಬಂದರೆ ಸೀರೆ ಉಟ್ಟು ಅತಿಥಿಗಳಿಗೆ ಹೂಗುಚ್ಛ ಕೊಡೋಕೆ ಹುಡುಗಿಯರು, ಸ್ಪೀಕರ್ ಹೊರೋಕೆ ಹುಡುಗರು. ಹುಡುಗಿಗೆ ಒಳ್ಳೆ ಸಿಜಿಪಿಎ ಬಂದರೆ "ಇವರಿಗೆ ಬಾಯಿಪಾಠ ಚೆನ್ನಾಗಿ ಬರುತ್ತೆ". ಪ್ಲೇಸ್‌ಮೆಂಟ್ ಆದರೆ "ಡೈವರ್ಸಿಟಿ ಕೋಟಾ ಬಿಡಪ್ಪ". ಹುಡುಗ ಫೇಲ್ ಆಗಿ ಅತ್ತರೆ "ಹೆಣ್ಣಿನ ತರ ಅಳ್ತಾನೆ". ನಮ್ಮ ಹಾಸ್ಟೆಲ್ ಗೇಟ್ 8.30ಕ್ಕೆ ಮುಚ್ಚುತ್ತೆ, ಹುಡುಗರದ್ದು 10ಕ್ಕೆ. ಲೈಬ್ರರಿ ಮಾತ್ರ ಎಲ್ಲರಿಗೂ ಸೇರಿ 11ರವರೆಗೆ ತೆರೆದಿರುತ್ತೆ.

ಇವುಗಳಲ್ಲಿ ಯಾವುದನ್ನು ಎತ್ತಿ ಹೇಳಿದರೂ "ಇದೇನ್ ಮಹಾ, ಜೋಕ್ ಅಷ್ಟೇ" ಅನ್ನೋ ಉತ್ತರ ಸಿಗುತ್ತೆ. 2012ರಲ್ಲಿ ಇಂಗ್ಲೆಂಡಿನ ಲೇಖಕಿ ಲಾರಾ ಬೇಟ್ಸ್ 'ಎವ್ರಿಡೇ ಸೆಕ್ಸಿಸಂ ಪ್ರಾಜೆಕ್ಟ್' ಶುರು ಮಾಡಿದ್ದು ಈ ಉತ್ತರಕ್ಕೆ ಪ್ರತಿಯಾಗಿಯೇ. ತಮ್ಮ ದಿನದಲ್ಲಿ ನಡೆದ ಇಂಥ ಚಿಕ್ಕ ಚಿಕ್ಕ ಅನುಭವಗಳನ್ನು ಜನ ಬರೆದು ಕಳಿಸಬೇಕಿತ್ತು, ಅಷ್ಟೇ. ಬೇರೆ ಬೇರೆ ದೇಶಗಳಿಂದ ಅವು ರಾಶಿ ರಾಶಿಯಾಗಿ ಬಂದವು.

ಇಸಿಇಯವರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ಸ್ಯಾಂಪಲ್ ತಗೊಂಡು ನೋಡಿದರೆ ಅದು ನಾಯ್ಸಾ ಸಿಗ್ನಲ್ಲಾ ಹೇಳೋಕಾಗಲ್ಲ. ಸಾವಿರ ಸ್ಯಾಂಪಲ್ ತಗೊಂಡು ಆವರೇಜ್ ಮಾಡಿದರೆ ನಾಯ್ಸ್ ಕರಗಿ ಸಿಗ್ನಲ್ ಮೇಲೆ ಬರುತ್ತೆ. ಒಂದು ಜೋಕ್ ನಾಯ್ಸ್ ಇರಬಹುದು. ದಿನಾ, ಎಲ್ಲ ಕಡೆ, ಒಂದೇ ದಿಕ್ಕಿಗೆ ವಾಲುವ ಜೋಕು ಸಿಗ್ನಲ್.

ನಾಲ್ಕನೇ ನಂಬರ್ ಪಾದ

ಫಸ್ಟ್ ಇಯರ್‌ನಲ್ಲಿ ವರ್ಕ್‌ಶಾಪ್‌ಗೆ ಖಾಕಿ ಯೂನಿಫಾರ್ಮ್, ಮುಚ್ಚಿದ ಲೆದರ್ ಶೂ ಕಡ್ಡಾಯ. ಸೇಫ್ಟಿ ಶೂ ಆದರೆ ಇನ್ನೂ ಒಳ್ಳೆಯದು ಅಂದಿದ್ದರು. ನನ್ನ ಪಾದದ ಸೈಜ್ 4. ಆ್ಯಪ್‌ನಲ್ಲಿ 'ಸೇಫ್ಟಿ ಶೂ' ಅಂತ ಹುಡುಕಿದೆ. ನಾನು ತೆರೆದು ನೋಡಿದವೆಲ್ಲ 6ರಿಂದ ಶುರು. ಫಿಲ್ಟರ್‌ನಲ್ಲಿ 'ವಿಮೆನ್' ಒತ್ತಿದೆ. ಸ್ಟೀಲ್ ಟೋ ಮಾಯವಾಗಿ ಮುಂದೆ ಪುಟ್ಟ ರಿಬ್ಬನ್ ಇರೋ ಬೆಲ್ಲಿ ಶೂಗಳು ಬಂದವು. ಕೊನೆಗೆ ನನ್ನ ಅಳತೆಯ ಲೆದರ್ ಶೂ ಸಿಕ್ಕಿದ್ದು 'ಬಾಯ್ಸ್ ಸ್ಕೂಲ್ ಶೂ' ವಿಭಾಗದಲ್ಲಿ. ಇಡೀ ವರ್ಷ ಹತ್ತು ವರ್ಷದ ಹುಡುಗನ ಶೂ ಹಾಕಿಕೊಂಡು ಫಿಟ್ಟಿಂಗ್ ಮಾಡಿದ್ದೀನಿ.

ನನ್ನ ಪಾದವನ್ನು ಅವಮಾನ ಮಾಡಬೇಕು ಅಂತ ಯಾರೂ ಕೂತು ಪ್ಲ್ಯಾನ್ ಮಾಡಿಲ್ಲ. ವರ್ಕ್‌ಶಾಪ್‌ನಲ್ಲಿ ನಿಲ್ಲೋ ಮನುಷ್ಯ ಅಂದಾಗ ಡಿಸೈನರ್ ಕಣ್ಣ ಮುಂದೆ ಬಂದವನು ಗಂಡಸು. ಇದನ್ನೇ ಡೀಫಾಲ್ಟ್ ಅನ್ನೋದು. ಕೋಡ್ ಬರೆಯುವಾಗ ವೇರಿಯೆಬಲ್‌ಗೆ ಬೆಲೆ ಕೊಡದಿದ್ದರೆ ಡೀಫಾಲ್ಟ್ ವ್ಯಾಲ್ಯೂ ಕೂತುಕೊಳ್ಳುತ್ತಲ್ಲ, ಹಾಗೇ.

ಶೂ ವಿಷಯದಲ್ಲಿ ಇದು ತಮಾಷೆ. ಕಾರಿನ ವಿಷಯದಲ್ಲಿ ಅಲ್ಲ. ಡಿಕ್ಕಿ ಪರೀಕ್ಷೆಗೆ ಕಾರಿನೊಳಗೆ ಕೂರಿಸುವ ಡಮ್ಮಿಗಳಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಹೈಬ್ರಿಡ್ 3. 1970ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಅದು ಸರಾಸರಿ ಗಂಡಸಿನ ಅಳತೆಯದು, ಎತ್ತರ ಸುಮಾರು 175 ಸೆಂ.ಮೀ., ತೂಕ ಸುಮಾರು 78 ಕೆ.ಜಿ. 2019ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಅಪಘಾತಗಳ ದಾಖಲೆ ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಮುಂದಿನಿಂದ ಡಿಕ್ಕಿಯಾದಾಗ, ಸೀಟ್ ಬೆಲ್ಟ್ ಹಾಕಿಕೊಂಡಿದ್ದ ಹೆಂಗಸರಿಗೆ ಗಂಭೀರ ಗಾಯವಾಗುವ ಸಾಧ್ಯತೆ ಗಂಡಸರಿಗಿಂತ 73% ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಡಿಕ್ಕಿಯ ತೀವ್ರತೆ, ವಯಸ್ಸು, ಎತ್ತರ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಇಷ್ಟು ವ್ಯತ್ಯಾಸ. ಇದಕ್ಕೆ ಡಮ್ಮಿ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಯಾರ ದೇಹದ ಮೇಲೆ ಪರೀಕ್ಷೆ ಮಾಡ್ತೀವೋ ಅವರಿಗೆ ಹೊಂದುವ ಕಾರು ತಯಾರಾಗುತ್ತೆ. ನಾಳೆ ಡಿಸೈನ್ ಮಾಡೋಕೆ ಕೂರೋರು ನಾವೇ ಅನ್ನೋ ಕಾರಣಕ್ಕೆ ಈ ಉದಾಹರಣೆ ಕೊಟ್ಟೆ.

ಗುಲಾಬಿ ಬಣ್ಣದ ಬಿಲ್

ಈಗ ಬೆಲೆಯ ವಿಷಯ. 'ಪಿಂಕ್ ಟ್ಯಾಕ್ಸ್' ಅನ್ನೋ ಮಾತು ಕೇಳಿರ್ತೀರ. ಇದು ಸರ್ಕಾರ ಹಾಕೋ ತೆರಿಗೆ ಅಲ್ಲ. ಹೆಚ್ಚುಕಡಿಮೆ ಒಂದೇ ವಸ್ತುವಿನ ಹೆಂಗಸರ ಆವೃತ್ತಿಗೆ ಜಾಸ್ತಿ ಬೆಲೆ ಇಡುವುದಕ್ಕೆ ಬಿದ್ದ ಹೆಸರು. ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರ ಇಲಾಖೆ 2015ರಲ್ಲಿ ಸುಮಾರು 800 ವಸ್ತುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ನೋಡಿತು. ಆಟದ ಸಾಮಾನು, ಬಟ್ಟೆ, ಶಾಂಪೂ, ರೇಜರ್ ಹೀಗೆ. ಒಟ್ಟಾರೆ ಹೆಂಗಸರ ಆವೃತ್ತಿಗೆ ಸರಾಸರಿ 7% ಹೆಚ್ಚು ಬೆಲೆ. ಶಾಂಪೂ, ರೇಜರ್ ತರದ ವೈಯಕ್ತಿಕ ಬಳಕೆಯ ವಸ್ತುಗಳಲ್ಲಿ 13%.

ಇದು ನಡೆಯೋದು ಹೇಗೆ? ಒಂದು ವಸ್ತುವಿಗೆ ಯಾರು ಎಷ್ಟು ಕೊಡೋಕೆ ತಯಾರಿದ್ದಾರೆ ಅಂತ ಅಂದಾಜು ಮಾಡಿ, ಗಿರಾಕಿಗಳನ್ನು ಗುಂಪು ಮಾಡಿ, ಗುಂಪಿಗೊಂದು ಬೆಲೆ ಇಡುವುದು ವ್ಯಾಪಾರದ ಹಳೆಯ ಲೆಕ್ಕ. ಸಿನಿಮಾ ಹಾಲ್‌ನಲ್ಲಿ ಬೆಳಗಿನ ಶೋಗೆ ಕಡಿಮೆ ರೇಟ್ ಇರೋದೂ ಹೀಗೇ. ಆದರೆ ಅಲ್ಲಿ ಯಾವ ಶೋ ಅಂತ ನಾವು ಆರಿಸ್ತೀವಿ. ಇಲ್ಲಿ 'ಫಾರ್ ಹರ್' ಅಂತ ಬರೆದು ನಮ್ಮನ್ನು ಅವರೇ ಆರಿಸ್ತಾರೆ.

ನಾನೂ ನನ್ನ ರೂಮ್‌ಮೇಟೂ ಒಂದು ಭಾನುವಾರ ಕ್ಯಾಲ್ಕುಲೇಟರ್ ಹಿಡಿದು ಕೂತು ರೇಜರ್, ಡಿಯೋಡರೆಂಟ್, ಫೇಸ್‌ವಾಶ್ ಇಷ್ಟನ್ನು ಹೋಲಿಸಿದ್ವಿ. ಕೆಲವು ಕಡೆ ಬೆಲೆ ಒಂದೇ ಇತ್ತು. ಒಂದು ಫೇಸ್‌ವಾಶ್‌ನಲ್ಲಂತೂ ಗಂಡಸರದ್ದೇ ದುಬಾರಿ. ಆದರೆ ಒಂದೇ ಕಂಪನಿಯ ಎರಡು ರೇಜರ್‌ಗಳಲ್ಲಿ ಬ್ಲೇಡ್ ಸಂಖ್ಯೆ ಒಂದೇ ಇದ್ದರೂ ಗುಲಾಬಿ ಹಿಡಿಯದ್ದಕ್ಕೆ ಜಾಸ್ತಿ ಕೊಡಬೇಕಿತ್ತು. ನಾವು ಮಾಡಿದ್ದು ಸರ್ವೆಯೇನಲ್ಲ, ಹಾಸ್ಟೆಲ್ ರೂಮಿನ ಟೈಂಪಾಸ್. ಇದರಿಂದ ಕಲಿತದ್ದು ಒಂದೇ, ಪ್ಯಾಕ್ ಬೆಲೆ ನೋಡಬಾರದು, ಒಂದು ಗ್ರಾಮಿಗೆ ಅಥವಾ ಒಂದು ಪೀಸ್‌ಗೆ ಎಷ್ಟು ಅಂತ ನೋಡಬೇಕು. ನಮ್ಮ ದೇಶದ ಪ್ಯಾಕೇಜ್ ನಿಯಮಗಳ ಪ್ರಕಾರ 'ಯೂನಿಟ್ ಸೇಲ್ ಪ್ರೈಸ್' ಅಂತ ಅದನ್ನು ಪ್ಯಾಕ್ ಮೇಲೆಯೇ ಮುದ್ರಿಸಬೇಕು. ಎಂಆರ್‌ಪಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುತ್ತೆ, ಹುಡುಕಿ ನೋಡಿ.

ನಿಜವಾದ ತೆರಿಗೆಯ ಕಥೆಯೂ ಒಂದಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸ್ಯಾನಿಟರಿ ಪ್ಯಾಡ್‌ಗೆ 12% ಹಾಕಿದ್ದರು. ಕುಂಕುಮ, ಬಳೆಗೆ ತೆರಿಗೆ ಇಲ್ಲ, ಪ್ಯಾಡ್‌ಗೆ ಮಾತ್ರ ಯಾಕೆ ಅಂತ ದೇಶದ ಉದ್ದಗಲಕ್ಕೂ ಜನ ಕೇಳಿದರು. ಒಂದು ವರ್ಷ ಕೇಳುತ್ತಲೇ ಇದ್ದರು. 2018ರ ಜುಲೈನಲ್ಲಿ ಅದು ಸೊನ್ನೆಯಾಯ್ತು. "ಕೇಳಿದ್ರೆ ಏನಾಗುತ್ತೆ ಬಿಡೇ" ಅನ್ನೋರಿಗೆ ನಾನು ಕೊಡೋ ಉತ್ತರ ಇದೇ.

ಇನ್ನು ಜೇಬು. 2018ರಲ್ಲಿ 'ದ ಪುಡಿಂಗ್' ಎಂಬ ಅಮೆರಿಕದ ಡೇಟಾ ಪತ್ರಿಕೆಯವರು 20 ಬ್ರ್ಯಾಂಡ್‌ಗಳ 80 ಜೀನ್ಸ್ ತಗೊಂಡು ಅಳೆದರು. ಹೆಂಗಸರ ಜೀನ್ಸಿನ ಮುಂದಿನ ಜೇಬು ಗಂಡಸರದ್ದಕ್ಕಿಂತ ಆಳದಲ್ಲಿ ಸರಾಸರಿ 48% ಕಡಿಮೆ, ಅಗಲದಲ್ಲಿ 6.5% ಕಡಿಮೆ. ಒಂದೇ ಸೊಂಟದಳತೆಯ ಜೀನ್ಸ್‌ಗಳಲ್ಲೇ ಈ ವ್ಯತ್ಯಾಸ. ನನ್ನ ಫೋನು ಯಾವಾಗಲೂ ಕೈಯಲ್ಲೇ ಇರೋದು ನೋಡಿ ಅಪ್ಪ, "ಇಪ್ಪತ್ನಾಲ್ಕು ಗಂಟೆ ಫೋನ್ ಹಿಡ್ಕೊಂಡಿರ್ತೀಯ" ಅಂತ ಬೈತಾರೆ. ಎಲ್ಲಿಡಲಿ ಅಪ್ಪಾ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗುಟ್ಟು. ನನಗೆ ಗುಲಾಬಿ ಬಣ್ಣ ಇಷ್ಟ. ಹದಿನಾಲ್ಕು ಜೊತೆ ಜುಮ್ಕಿ ಇವೆ. ಕಾಡಿಗೆ ಇಲ್ಲದೆ ಇಂಟರ್ನಲ್ಸ್‌ಗೂ ಹೋಗಲ್ಲ. ಫೆಮಿನಿಸ್ಟ್ ಆದವಳು ಇದನ್ನೆಲ್ಲ ಬಿಡಬೇಕು ಅನ್ನೋದು ಒಂದು ಕಟ್ಟಳೆಯನ್ನು ತೆಗೆದು ಇನ್ನೊಂದು ಕಟ್ಟಳೆ ಹಾಕಿದ ಹಾಗೆ. ಬಣ್ಣಕ್ಕೆ ಲಿಂಗವೇನೂ ಹುಟ್ಟಿನಿಂದ ಬಂದಿಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು, ಗುಲಾಬಿ ಗಟ್ಟಿ ಬಣ್ಣ, ಹಾಗಾಗಿ ಅದು ಹುಡುಗರಿಗೆ, ನಾಜೂಕಾದ ನೀಲಿ ಹುಡುಗಿಯರಿಗೆ ಅಂತ ಸಲಹೆ ಕೊಟ್ಟಿತ್ತು. ಅಷ್ಟು ದೂರ ಯಾಕೆ, ನಮ್ಮ ತಿಪಟೂರಿನ ಮನೆಯ ಗೋಡೆ ಮೇಲಿರೋ ಮುತ್ತಜ್ಜನ ಫೋಟೋ ನೋಡಿ. ಹಿಂದೆ ಜುಟ್ಟು, ಕಿವಿಯಲ್ಲಿ ಹತ್ತಕಡಕು. ಅವರನ್ನು ನೋಡಿ ಊರಲ್ಲಿ ಯಾರೂ ನಗುತ್ತಿರಲಿಲ್ಲ.

ಇಷ್ಟ ನನ್ನದು. ಆ ಇಷ್ಟವನ್ನು ಹಿಡಿದು "ಹಾಗಾದ್ರೆ ಇವಳು ಇಷ್ಟೇ" ಅಂತ ಬೆಲೆ ಕಟ್ಟೋದು, ಜೇಬು ಹೊಲಿಯೋದು, ಕೆಲಸ ಹಂಚೋದು ಬೇರೆಯವರದ್ದು. ನನ್ನ ಜಗಳ ಎರಡನೆಯದರ ಜೊತೆ.

ಆ್ಯಪ್‌ಗೆ ನಾವು ಅರ್ಥವಾಗೋದು ಹೇಗೆ?

ನಾನು ಜುಮ್ಕಿ ನೋಡಿದ ಮೇಲೆ ಆ್ಯಪ್ ನನಗೆ ಬಳೆ ತೋರಿಸುತ್ತೆ, ಲಿಪ್‌ಸ್ಟಿಕ್ ತೋರಿಸುತ್ತೆ. ಮಲ್ಟಿಮೀಟರ್ ತೋರಿಸಲ್ಲ. ಹುಡುಗಿಯರಿಗೆ ಮಲ್ಟಿಮೀಟರ್ ತೋರಿಸಬೇಡ ಅಂತ ಯಾರೂ ಕೋಡ್ ಬರೆದಿರಲ್ಲ. ಮತ್ತೆ ಹೇಗೆ?

ಅಮೆಜಾನ್ ಎಂಜಿನಿಯರ್‌ಗಳು 2003ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಪೇಪರ್ ಇದೆ. 'ಐಟಂ ಟು ಐಟಂ ಕೊಲಾಬರೇಟಿವ್ ಫಿಲ್ಟರಿಂಗ್' ಅನ್ನೋ ವಿಧಾನ ಅದರದ್ದು. ತಿರುಳು ಸರಳ. ಪ್ರತಿ ವಸ್ತುವಿಗೂ ಒಂದು ವೆಕ್ಟರ್, ಅದನ್ನು ಕೊಂಡವರ ಜಾಗದಲ್ಲಿ 1, ಕೊಳ್ಳದವರ ಜಾಗದಲ್ಲಿ 0. ಎರಡು ವೆಕ್ಟರ್‌ಗಳ ನಡುವಿನ ಕೋನದ ಕೊಸೈನ್ ಎಷ್ಟು ದೊಡ್ಡದೋ ಆ ವಸ್ತುಗಳು ಅಷ್ಟು ಹತ್ತಿರ. ಒಂದು ಲೆಕ್ಕ ಮಾಡೋಣ. ಸೋಲ್ಡರಿಂಗ್ ಐರನ್ ಕೊಂಡವರು 100 ಜನ, ಫ್ಲಕ್ಸ್ ಕೊಂಡವರು 100 ಜನ, ಎರಡನ್ನೂ ಕೊಂಡವರು 60 ಜನ ಅಂದುಕೊಳ್ಳಿ. ಕೊಸೈನ್ ಅಂದ್ರೆ 60 ಭಾಗಿಸು 100, ಅಂದ್ರೆ 0.6. ಈಗ ಜುಮ್ಕಿ ಕೊಂಡವರೂ 100 ಜನ, ಜುಮ್ಕಿ ಮತ್ತು ಸೋಲ್ಡರಿಂಗ್ ಐರನ್ ಎರಡನ್ನೂ ಕೊಂಡವಳು ನಾನೊಬ್ಬಳೇ. ಕೊಸೈನ್ 0.01. ಲಿಸ್ಟಿನಲ್ಲಿ ಅದು ಯಾವತ್ತೂ ಮೇಲೆ ಬರಲ್ಲ.

ಆ್ಯಪ್ ನನ್ನ ಲಿಂಗ ಕೇಳಲೇ ಇಲ್ಲ ನೋಡಿ. ಆದರೂ ಸಮಾಜದಲ್ಲಿ ಈಗಾಗಲೇ ಇರೋ ಗೋಡೆಯನ್ನು ಅದು ಡೇಟಾದಿಂದ ಕಲಿತುಬಿಡ್ತು. ಕಲಿತದ್ದನ್ನೇ ತೋರಿಸುತ್ತೆ, ತೋರಿಸಿದ್ದನ್ನೇ ನಾವು ಕೊಳ್ತೀವಿ, ಕೊಂಡದ್ದು ಮತ್ತೆ ಡೇಟಾ ಆಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು, ಇದು ಪಾಸಿಟಿವ್ ಫೀಡ್‌ಬ್ಯಾಕ್. ಸಣ್ಣ ವಾಲುವಿಕೆ ಸುತ್ತಿ ಸುತ್ತಿ ದೊಡ್ಡದಾಗುತ್ತೆ.

ಶಾಪಿಂಗ್‌ನಲ್ಲಿ ಇದರಿಂದ ಅಂಥ ನಷ್ಟವಿಲ್ಲ, ಮಲ್ಟಿಮೀಟರ್ ಬೇಕಾದರೆ ಹುಡುಕಿಕೊಳ್ತೀನಿ. ಆದರೆ ಇದೇ ಗುಣ ಬೇರೆ ಕಡೆ ಏನು ಮಾಡುತ್ತೆ ನೋಡಿ. ಅಮೆಜಾನ್ ಕಂಪನಿ ಕೆಲಸದ ಅರ್ಜಿಗಳಿಗೆ ಅಂಕ ಕೊಡೋಕೆ ಒಂದು ಎಐ ಸಿಸ್ಟಂ ಪ್ರಯೋಗ ಮಾಡುತ್ತಿತ್ತು. ಹಿಂದಿನ 10 ವರ್ಷ ಕಂಪನಿಗೆ ಬಂದ ರೆಸ್ಯೂಮೆಗಳಿಂದ ಅದು ಕಲಿತಿತ್ತು, ಅವುಗಳಲ್ಲಿ ಹೆಚ್ಚಿನವು ಗಂಡಸರವು. ಪರಿಣಾಮ, ರೆಸ್ಯೂಮೆಯಲ್ಲಿ 'ವಿಮೆನ್ಸ್' ಅನ್ನೋ ಪದ ಕಂಡರೆ, ಉದಾಹರಣೆಗೆ ಮಹಿಳಾ ಚೆಸ್ ಕ್ಲಬ್‌ನ ಕ್ಯಾಪ್ಟನ್ ಅಂತಿದ್ದರೆ, ಅಂಕ ಇಳಿಸೋಕೆ ಶುರು ಮಾಡಿತ್ತು. ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. 2018ರಲ್ಲಿ ರಾಯಿಟರ್ಸ್ ಇದನ್ನು ವರದಿ ಮಾಡಿತು.

ಈಗ ಲ್ಯಾವೆಂಡರ್ ಬ್ಯಾಗಿಗೆ ವಾಪಸ್ ಬರೋಣ. ರಿಟರ್ನ್ ಮಾಡುವಾಗ ಆ್ಯಪ್ ಕಾರಣ ಕೇಳುತ್ತೆ. ಸೈಜ್ ಸರಿ ಇಲ್ಲ, ಕ್ವಾಲಿಟಿ ಚೆನ್ನಾಗಿಲ್ಲ, ಬಣ್ಣ ಇಷ್ಟವಾಗಲಿಲ್ಲ, ಹೀಗೆ ಒಂದು ಲಿಸ್ಟ್. ಅವನು 'ಬಣ್ಣ ಇಷ್ಟವಾಗಲಿಲ್ಲ' ಒತ್ತಿದ. ಅದು ಸುಳ್ಳು. ಬಣ್ಣ ಇಷ್ಟವಾಗಿಯೇ ತಗೊಂಡಿದ್ದ. 'ಬಣ್ಣ ಇಷ್ಟವಾಯ್ತು, ಆದರೆ ಕ್ಲಾಸಿನವರು ನಕ್ಕರು' ಅನ್ನೋ ಆಯ್ಕೆ ಆ ಲಿಸ್ಟಿನಲ್ಲಿಲ್ಲ. ದಾಖಲೆಯಲ್ಲಿ ಉಳಿದದ್ದು ಏನು? ಹತ್ತೊಂಬತ್ತು ವರ್ಷದ ಹುಡುಗನಿಗೆ ಲ್ಯಾವೆಂಡರ್ ಇಷ್ಟವಿಲ್ಲ. ನಾವು ಹಿಂದಿನ ಬೆಂಚಲ್ಲಿ ಕೂತು ನಕ್ಕದ್ದು ಒಂದು ಡೇಟಾ ಪಾಯಿಂಟ್ ಆಗಿ ಎಲ್ಲೋ ಒಂದು ಸರ್ವರ್‌ನಲ್ಲಿ ಕೂತಿದೆ. ಕೆಟ್ಟ ಡೇಟಾ ಯಾರು ತಯಾರು ಮಾಡ್ತಾರೆ ಅಂತ ಕೇಳಿದರೆ, ನಾನು.

ಲ್ಯಾಬಿನಲ್ಲಿ ನನ್ನ ಕೈಯಲ್ಲಿದ್ದದ್ದು ಪೆನ್ನು

ಥರ್ಡ್ ಸೆಮ್ ಅನಲಾಗ್ ಲ್ಯಾಬ್. ನಾಲ್ಕು ಜನರ ಬ್ಯಾಚ್, ಮೂವರು ಹುಡುಗರು ಮತ್ತು ನಾನು. ಮೊದಲ ವಾರವೇ ಒಬ್ಬ, "ನಿನ್ ಹ್ಯಾಂಡ್‌ರೈಟಿಂಗ್ ಸಕತ್ತಾಗಿದೆ ಕಣೇ, ನೀನು ರೀಡಿಂಗ್ ಬರ್ಕೋ, ನಾವು ಕನೆಕ್ಷನ್ ಕೊಡ್ತೀವಿ" ಅಂದ. ನನಗೆ ಖುಷಿಯಾಯ್ತು. ಹೊಗಳಿದ್ದಲ್ವಾ. ಎರಡನೇ ವಾರವೂ ಅದೇ. ಐದನೇ ವಾರದ ಹೊತ್ತಿಗೆ ಯಾರೂ ಹೇಳಬೇಕಾಗಿರಲಿಲ್ಲ, ನಾನೇ ಸ್ಟೂಲ್ ಎಳೆದುಕೊಂಡು ಅಬ್ಸರ್ವೇಶನ್ ಬುಕ್ ತೆಗೆಯುತ್ತಿದ್ದೆ.

ಇಂಟರ್ನಲ್ ಲ್ಯಾಬ್ ಟೆಸ್ಟ್‌ನಲ್ಲಿ ಪ್ರತಿಯೊಬ್ಬರೂ ಒಬ್ಬೊಬ್ಬರೇ ಮಾಡಬೇಕು. ನನಗೆ ಬಂದದ್ದು ಆರ್‌ಸಿ ಕಪಲ್ಡ್ ಆ್ಯಂಪ್ಲಿಫೈಯರ್. ಸರ್ಕ್ಯೂಟ್ ಡಯಾಗ್ರಂ ಕಣ್ಣು ಮುಚ್ಚಿ ಬರೆದೆ. ಬ್ರೆಡ್‌ಬೋರ್ಡ್ ಮುಂದೆ ಕೈ ನಡುಗಿತು. ಸಿಆರ್‌ಓ ಮೇಲೆ ಆ್ಯಂಪ್ಲಿಫೈ ಆಗದ, ಸೊಟ್ಟಗಿನ ಒಂದು ಗೆರೆ. ಟ್ರಾನ್ಸಿಸ್ಟರ್‌ನ ಕಾಲುಗಳನ್ನೇ ಉಲ್ಟಾ ಹಾಕಿದ್ದೆ, ಎಮಿಟರ್ ಜಾಗದಲ್ಲಿ ಕಲೆಕ್ಟರ್. ಅದು ನನಗೆ ಗೊತ್ತಾಗುವ ಹೊತ್ತಿಗೆ ಟೈಂ ಮುಗಿದಿತ್ತು. ಮೇಡಂ ನನ್ನ ರೆಕಾರ್ಡ್ ಬುಕ್ ತಿರುವಿ ಹಾಕಿ, "ಇಷ್ಟು ಚೆಂದ ಬರೆದಿದ್ದೀಯಲ್ಲಮ್ಮ, ಪ್ರೋಬ್ ಎಲ್ಲಿ ಇಡಬೇಕು ಅಂತ ಗೊತ್ತಿಲ್ವಾ?" ಅಂದರು. ಬೇಜಾರಿನಲ್ಲಿ ಹೇಳಿದರು, ಬೈದಿದ್ದಲ್ಲ. ನನಗೆ ಬೈದಿದ್ದಕ್ಕಿಂತ ಜಾಸ್ತಿ ನಾಟಿತು.

ನನ್ನನ್ನು ಯಾರೂ ತಡೆದಿರಲಿಲ್ಲ. ಆ ಹುಡುಗರು ಕೆಟ್ಟವರೂ ಅಲ್ಲ. ದಿನನಿತ್ಯದ ಸೆಕ್ಸಿಸಂ ಹೊಗಳಿಕೆಯ ರೂಪದಲ್ಲೂ ಬರುತ್ತೆ ಅಂತ ಅವತ್ತು ಅರ್ಥವಾಯ್ತು. "ನಿನ್ನ ಅಕ್ಷರ ಚೆನ್ನಾಗಿದೆ" ಅನ್ನೋದು ನಿಜ. ಆ ನಿಜ ನನ್ನ ಕೈಯಿಂದ ವೈರ್ ಕಿತ್ತುಕೊಂಡಿತು. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅವರು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಹೆಸರಾದವರು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಮೈಕ್ರೋವೇವ್, ಆಂಟೆನಾ ಕಲಿಸಿದವರು. ಅಷ್ಟು ಹಿಂದೆಯೇ ಅವರು ಅಲ್ಲಿಗೆ ತಲುಪಿದ್ದರು, ನಾನು ಪೆನ್ನಿಗೆ ಅಂಟಿಕೊಂಡಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ 2000 ರೂಪಾಯಿ ಕೈಗಿಟ್ಟು, "ಒಂದ್ ಒಳ್ಳೆ ಚೂಡಿದಾರ ತಗೋ ಮಗಾ" ಅಂದರು. ವಾಪಸ್ ಬಂದು ಆರ್ಡರ್ ಮಾಡಿದ್ದು 25 ವ್ಯಾಟ್ ಸೋಲ್ಡರಿಂಗ್ ಐರನ್, ಸೋಲ್ಡರ್ ವೈರ್, ಫ್ಲಕ್ಸ್, ಮಲ್ಟಿಮೀಟರ್, ಒಂದು ಬ್ರೆಡ್‌ಬೋರ್ಡ್. ಉಳಿದ 180 ರೂಪಾಯಿಗೆ ಒಂದು ಜೊತೆ ಜುಮ್ಕಿ. ಡೆಲಿವರಿ ಅಣ್ಣ ಫೋನ್ ಮಾಡಿ "ಸರ್, ಗೇಟ್ ಹತ್ರ ಇದೀನಿ" ಅಂದರು. ನನ್ನ ದನಿ ಕೇಳಿ, "ಮೇಡಂ, ಸರ್ ಇಲ್ವಾ?" ಅಂದರು. ಬಾಕ್ಸ್ ಮೇಲೆ ನನ್ನ ಹೆಸರೇ ಇತ್ತು. ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ, ಬೈತಾರೆ ಅಂತ ಹೆದರಿಕೊಂಡೇ.

"ಅದೇನೇ ಅದು, ಕಡ್ಡಿ?"

"ಕಾಯಿಸಿ ವೈರ್ ಅಂಟಿಸೋದು ಅಜ್ಜಿ."

"ಕೈ ಸುಟ್ಕೊಂಡೀಯ, ಜೋಪಾನ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಮಿಕ್ಸಿ ವೈರ್ ಕಿತ್ತೋಗದೆ, ಬಂದಾಗ ನೋಡು" ಅಂದರು.

ಸೆಮ್ ರಜೆಯಲ್ಲಿ ಮಿಕ್ಸಿ ಸರಿ ಮಾಡಿದೆ. ಅದರಲ್ಲಿ ರುಬ್ಬಿದ ಚಟ್ನಿ ತಿಂದಾಗ ಆದ ಸಂತೋಷ ಯಾವ ಸಿಜಿಪಿಎಯಲ್ಲೂ ಆಗಿಲ್ಲ.

ಹಾಗಾದ್ರೆ ಏನ್ ಮಾಡೋದು?

ಸುಧಾ ಮೂರ್ತಿಯವರ ಪೋಸ್ಟ್‌ಕಾರ್ಡ್ ಕಥೆ ನಿಮಗೆಲ್ಲ ಗೊತ್ತು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿ, 1974ರಲ್ಲಿ ಐಐಎಸ್‌ಸಿಯಲ್ಲಿ ಎಂ.ಇ. ಮುಗಿಸುತ್ತಿದ್ದಾಗ, ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಅನ್ನೋ ಟೆಲ್ಕೋ ಕಂಪನಿಯ ಜಾಹೀರಾತು ನೋಡಿ ನೇರ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡ್ ಬರೆದರು. ಇಂಟರ್‌ವ್ಯೂಗೆ ಕರೆ ಬಂತು, ಅಲ್ಲಿನ ಮೊದಲ ಮಹಿಳಾ ಎಂಜಿನಿಯರ್ ಆದರು. ಇದನ್ನು ನಾವು ಧೈರ್ಯದ ಕಥೆಯಾಗಿ ಓದ್ತೀವಿ. ಅವರ ಎದುರಿಗಿದ್ದದ್ದು ಅಚ್ಚಾದ ಸಾಲು, ಬೆರಳಿಟ್ಟು ತೋರಿಸಬಹುದಿತ್ತು. ಇವತ್ತು ಯಾವ ಕಂಪನಿಯೂ ಹಾಗೆ ಅಚ್ಚು ಹಾಕಿಸೋ ಧೈರ್ಯ ಮಾಡಲ್ಲ. ನಮ್ಮ ಕಾಲದ ಸಾಲು ಫಿಲ್ಟರ್‌ನಲ್ಲಿದೆ, ಜೋಕಿನಲ್ಲಿದೆ, "ಅಕ್ಷರ ಚೆನ್ನಾಗಿದೆ"ಯಲ್ಲಿದೆ. ಕಾರ್ಡ್ ಯಾರ ವಿಳಾಸಕ್ಕೆ ಬರೆಯೋದು? ಅದಕ್ಕೇ ನಮ್ಮ ಉತ್ತರವೂ ದಿನನಿತ್ಯದ್ದೇ ಆಗಿರಬೇಕು. ನಾನು ಪ್ರಯತ್ನಿಸಿದ್ದನ್ನು ಹೇಳ್ತೀನಿ.

ಲ್ಯಾಬಿನಲ್ಲಿ ಈ ಸೆಮ್ ಒಂದು ಚೀಟಿ ಮಾಡಿದೆ. ವಾರಕ್ಕೊಬ್ಬರು ಕನೆಕ್ಷನ್, ಒಬ್ಬರು ಸಿಆರ್‌ಓ, ಒಬ್ಬರು ರೀಡಿಂಗ್, ಒಬ್ಬರು ಗ್ರಾಫ್. "ಬಂದ್ಲಪ್ಪ ಫೆಮಿನಿಸ್ಟು" ಅಂತ ಒಬ್ಬ ಗೊಣಗಿದ. ಮೂರನೇ ವಾರ ಅವನ ಪಾಲಿಗೆ ಗ್ರಾಫ್ ಬಂತು. ಸೆಮಿಲಾಗ್ ಶೀಟ್ ಹಿಡಿದು ಐದು ನಿಮಿಷ ಸುಮ್ಮನೆ ಕೂತಿದ್ದ. ಎಕ್ಸ್ ಆಕ್ಸಿಸ್ ಹೇಗೆ ಗುರುತು ಮಾಡೋದು ಅಂತ ಗೊತ್ತಿರಲಿಲ್ಲ, ಯಾಕಂದ್ರೆ ಅಲ್ಲಿವರೆಗೆ ಎಲ್ಲ ನಾನೇ ಹಾಕಿದ್ದೆ. ನನ್ನಿಂದ ಅವನೂ ಅಷ್ಟೇ ಕಳೆದುಕೊಂಡಿದ್ದ. ಅವತ್ತಿನಿಂದ ಚೀಟಿ ಬಗ್ಗೆ ಯಾರೂ ಮಾತಾಡಿಲ್ಲ.

ಜೋಕಿಗೆ ಸಿಟ್ಟು ಮಾಡ್ಕೊಂಡರೆ "ಸೆನ್ಸ್ ಆಫ್ ಹ್ಯೂಮರ್ ಇಲ್ಲ" ಅಂತಾರೆ. ಅದರ ಬದಲು, "ಅರ್ಥ ಆಗ್ಲಿಲ್ಲ, ಸ್ವಲ್ಪ ಬಿಡಿಸಿ ಹೇಳ್ತೀಯಾ?" ಅಂತ ಕೇಳಿ. ಬಿಡಿಸಿ ಹೇಳೋಕೆ ಹೋದವರಿಗೇ ಅದು ಜೋಕ್ ಅಲ್ಲ ಅಂತ ಗೊತ್ತಾಗುತ್ತೆ. ನಾನು ಕೇಳಿದ ನಾಲ್ಕು ಸಲದಲ್ಲಿ ಮೂರು ಸಲ ಕೆಲಸ ಮಾಡಿದೆ.

ಶಾಪಿಂಗ್‌ನಲ್ಲಿ ಫಿಲ್ಟರ್ ತೆಗೆದು ಹುಡುಕಿ. ಬೇಕಾದ ಬ್ಯಾಗ್, ವಾಚ್, ಟೀಶರ್ಟ್ ಯಾವ ವಿಭಾಗದಲ್ಲಿ ಸಿಕ್ಕರೂ ತಗೊಳ್ಳಿ. ರಿವ್ಯೂ ಬರೆಯುವಾಗ ಜೇಬು ಎಷ್ಟು ಆಳ, ಫೋನ್ ಹಿಡಿಸುತ್ತಾ ಅಂತ ಬರೆಯಿರಿ. ಸೈಜ್ ಸಿಗದಿದ್ದರೆ ಕಂಪನಿಗೆ 4ನೇ ನಂಬರ್ ಬೇಕು ಅಂತ ಎರಡು ಸಾಲು ಕಳಿಸಿ. ಅಷ್ಟಕ್ಕೇ ಎಲ್ಲ ಬದಲಾಗಿಬಿಡುತ್ತೆ ಅನ್ನೋ ಭ್ರಮೆ ನನಗಿಲ್ಲ. ನಮ್ಮ ಹಾಸ್ಟೆಲ್ ಗೇಟ್ ಟೈಮಿಂಗ್ ಬಗ್ಗೆ ಎಪ್ಪತ್ತು ಸಹಿ ಹಾಕಿ ಪತ್ರ ಕೊಟ್ಟಿದ್ದೀವಿ, ಇನ್ನೂ ಉತ್ತರ ಬಂದಿಲ್ಲ. ಮುಂದಿನ ತಿಂಗಳು ಇನ್ನೊಂದು ಕೊಡ್ತೀವಿ. ಹುಡುಗರ ಹಾಸ್ಟೆಲ್‌ನಿಂದಲೂ ಸಹಿ ಬೇಕು, ಇದನ್ನು ಓದುತ್ತಿರೋರು ದಯವಿಟ್ಟು ಬನ್ನಿ.

ಕೊನೆಯದಾಗಿ, ಆ ಬ್ಯಾಗಿನ ಹುಡುಗನಿಗೆ ಸಾರಿ ಕೇಳಿದೆ. "ಬಿಡೇ, ಹಳೇ ಕಥೆ" ಅಂದ. ಇದನ್ನು ಬರೀಲಾ ಅಂತ ಕೇಳಿದ್ದಕ್ಕೆ, "ಬರಿ, ಆದ್ರೆ ಹೆಸರು ಮಾತ್ರ ಬೇಡ. ಮತ್ತೆ ಶುರು ಮಾಡ್ತಾರೆ" ಅಂದ. ಹಳೇ ಕಥೆ ಅಂದವನೇ ಇದನ್ನೂ ಹೇಳಿದ್ದು. ಹಾಗಾಗಿ ಹೆಸರು ಬರೆದಿಲ್ಲ, ಯಾರಂತ ಗೊತ್ತಿದ್ದವರು ದಯವಿಟ್ಟು ಹೇಳಬೇಡಿ.

ನಾಳೆ ನಿಮ್ಮ ಕ್ಲಾಸಿಗೆ ಯಾರಾದರೂ ಹೊಸ ಬಣ್ಣದ ಬ್ಯಾಗ್ ಹಾಕ್ಕೊಂಡು ಬಂದರೆ, ಜಿಪ್ ಹೇಗಿದೆ, ಮಳೆಗೆ ನೆನೆಯುತ್ತಾ, ಹದಿನೈದು ಇಂಚಿನ ಲ್ಯಾಪ್‌ಟಾಪ್ ಹಿಡಿಸುತ್ತಾ ಅಂತ ಕೇಳಿ. ಬ್ಯಾಗ್ ಬಗ್ಗೆ ಕೇಳಬೇಕಾದ್ದು ಅಷ್ಟೇ.